ಕೊನೆಗೆ ಬಿಳಿ ಬೀಜವೇ ಯಾಕೆ ಉಳಿಯುತ್ತೆ?

ಡಬ್ಬಿಯಲ್ಲಿ 75 ಬಿಳಿ, 150 ಕಪ್ಪು ಕಾಫಿ ಬೀಜ. ನೋಡದೆ ಎರಡು ತೆಗೆಯಬೇಕು. ಒಂದೇ ಬಣ್ಣವಾದರೆ ಎರಡನ್ನೂ ಎಸೆದು ಹೊಸ ಕಪ್ಪು ಹಾಕಬೇಕು, ಬೇರೆಯಾದರೆ ಕಪ್ಪು ಎಸೆದು ಬಿಳಿಯನ್ನು ವಾಪಸ್ ಹಾಕಬೇಕು. ಒಂದೇ ಬೀಜ ಉಳಿಯುವವರೆಗೆ ಹೀಗೇ ಮಾಡುತ್ತಾ ಹೋಗಬೇಕು. ಪ್ರೋಗ್ರಾಮ್ ಬರೆದು ಸಾವಿರ ಸಲ ಓಡಿಸಿದ್ರಿ, ಪ್ರತಿ ಸಲವೂ ಬಿಳಿಯೇ ಉಳಿಯಿತು, ಯಾಕೆ ಅಂತ ನಿಮ್ಮ ಪ್ರಶ್ನೆ.

ಕಪ್ಪನ್ನು ಮರೆತುಬಿಡಿ. ಬಿಳಿಯನ್ನಷ್ಟೇ ಎಣಿಸಿ. ಎರಡೂ ಬಿಳಿ ಬಂದರೆ ಬಿಳಿ ಎರಡು ಕಡಿಮೆಯಾಗುತ್ತೆ. ಮಿಕ್ಕಂತೆ ಬದಲಾಗುವುದೇ ಇಲ್ಲ. ಅಂದರೆ ಮೊದಲು 75, ಬೆಸವಾಗಿದ್ದದ್ದು, ಬೆಸವಾಗಿಯೇ ಇರುತ್ತೆ. ಪ್ರತಿ ಸಲ ಒಟ್ಟು ಒಂದು ಬೀಜ ಕಡಿಮೆಯಾಗುವುದರಿಂದ ಆಟ ಮುಗಿಯಲೇಬೇಕು. ಕೊನೆಯ ಒಂದೇ ಬೀಜ ಕಪ್ಪಾದರೆ ಬಿಳಿ ಸೊನ್ನೆ, ಅದು ಸಮ. ಹಾಗಾಗಿ ಬಿಳಿಯೇ!

ಇಷ್ಟೇ. ಸಾವಿರ ಸಲ ಓಡಿಸುವ ಕೆಲಸವೇ ಇರಲಿಲ್ಲ, ಅಲ್ವಾ? ಈ ಬದಲಾಗದ ಸಂಗತಿಗೆ ಇನ್‌ವೇರಿಯಂಟ್ ಅಂತಾರೆ. ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕೋಡ್) ಬರೆಯುವ ಮೊದಲೇ ಅದನ್ನು ಹುಡುಕಬೇಕು ಅನ್ನುವುದು ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಅವರ ಹಟವಾಗಿತ್ತು. (ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯನ್ನು 1972ರಲ್ಲಿ ಪಡೆದವರು, ನಾವು ಕಾಲೇಜಲ್ಲಿ ಸುಮ್ನೆ ಶಾರ್ಟೆಸ್ಟ್ ಪಾತ್‌ಗೆ, ಅಂದರೆ ಅತಿ ಹತ್ತಿರದ ದಾರಿ ಹುಡುಕುವ ವಿಧಾನಕ್ಕೆ, ಮಾತ್ರ ನೆನೆಸಿಕೊಳ್ಳುತ್ತೇವೆ.)

ಈಗ 74 ಬಿಳಿ ಹಾಕಿ ನೋಡಿ. ಓಡಿಸುವ ಮುಂಚೆ ಉತ್ತರ ಬರೆದಿಡಿ.