ಕೆಂಪು ನೆಲದ ಕದನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಂಗಳ ಗ್ರಹದಲ್ಲಿ ಮನುಷ್ಯರು ನೆಲೆಯೂರಿ, ಊರೂರೇ ರಾಜ್ಯವಾಗಿ, ಒಂದರ ಮೇಲೊಂದು ಕತ್ತಿ ಮಸೆಯುವ ಕಥೆಗಳನ್ನು ಬರೆಯುತ್ತಿರುವವರ ಪ್ರಶ್ನೆಗಳಿಗೆ ಈ ಸಲದ ಪುಟ ಮೀಸಲು. ಲೆಕ್ಕಗಳನ್ನು ದುಂಡು ಸಂಖ್ಯೆಗಳಲ್ಲಿ ಕೊಟ್ಟಿದ್ದೇವೆ.

ಪ್ರಶ್ನೆ: ನನ್ನ ಕಥೆಯಲ್ಲಿ ಶತ್ರುವಿನ ಒಂದೇ ಗುಂಡು ಗಾಜಿನ ಗುಮ್ಮಟಕ್ಕೆ ತಗಲಿ ಇಡೀ ನಗರ ನಿಮಿಷದಲ್ಲಿ ಸಾಯುತ್ತದೆ. ಗೆಳೆಯರು ನಗುತ್ತಿದ್ದಾರೆ. ಯಾಕೆ?

ಗೆಳೆಯರು ನಗುವುದರಲ್ಲಿ ನ್ಯಾಯವಿದೆ. 100 ಮೀಟರ್ ಅಗಲದ ಅರ್ಧಗೋಳದ ಗುಮ್ಮಟ ಎಂದುಕೊಳ್ಳಿ. ಒಳಗೆ ಭೂಮಿಯಷ್ಟೇ ಒತ್ತಡವಿದ್ದರೆ ಸುಮಾರು 314 ಟನ್ ಗಾಳಿ ಇರುತ್ತದೆ. 8 ಮಿ.ಮೀ. ತೂತಿನಿಂದ ಸೆಕೆಂಡಿಗೆ ಹೆಚ್ಚೆಂದರೆ 12 ಗ್ರಾಂ ಹೊರಗೆ ಹೋದೀತು. ಗಂಟೆಗೆ 43 ಕಿಲೊ. ಹತ್ತನೇ ಒಂದು ಪಾಲು ಗಾಳಿ ಖಾಲಿಯಾಗಲು ಒಂದು ತಿಂಗಳು ಬೇಕು. ಅಷ್ಟರಲ್ಲಿ ಯಾರಾದರೂ ಒಳಗಿನಿಂದ ಒಂದು ರಬ್ಬರ್ ಬಿಲ್ಲೆ ಹಿಡಿದರೆ ಮುಗಿಯಿತು, ಒಳಗಿನ ಒತ್ತಡವೇ ಅದನ್ನು ಗೋಡೆಗೆ ಅದುಮಿ ಹಿಡಿಯುತ್ತದೆ. ಹೆಬ್ಬೆರಳಿಟ್ಟರೂ ಆದೀತು: ಆ ತೂತಿನ ಮೇಲೆ ಬೀಳುವ ಬಲ ಅರ್ಧ ಕಿಲೊ ತೂಕದಷ್ಟೇ. ಬೆರಳು ಕಂದಬಹುದು, ಕೀಳಲಾರದು. 2018ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಜೋಡಿಸಿದ್ದ ಸೊಯುಜ್ ನೌಕೆಯಲ್ಲಿ 2 ಮಿ.ಮೀ. ತೂತು ಕಂಡಾಗ ಟೇಪು ಮತ್ತು ಎಪಾಕ್ಸಿ ಅಂಟಿನಿಂದಲೇ ಮುಚ್ಚಿದರು. ಕಷ್ಟವಿರುವುದು ಹುಡುಕುವುದರಲ್ಲಿ. 2020ರಲ್ಲಿ ಅದೇ ನಿಲ್ದಾಣದಲ್ಲಿ ಸೋರಿಕೆಯ ಜಾಗ ತಿಳಿಯಲು ಚಹಾ ಎಲೆಗಳನ್ನು ತೇಲಿಬಿಟ್ಟು, ಅವು ಎತ್ತ ಸಾಗುತ್ತವೆಂದು ನೋಡಬೇಕಾಯಿತು. ನಿಮ್ಮ ನಗರಕ್ಕೆ ‘ಸೋರಿಕೆ ದಳ’ ಎಂಬ ಒಂದು ಪಡೆ ಕೊಡಿ, ಕಥೆಗೆ ಒಳ್ಳೆಯ ಪಾತ್ರಗಳು ಸಿಗುತ್ತವೆ.

ಅಪಾಯವೇ ಇಲ್ಲವೆಂದಲ್ಲ. ಗುಮ್ಮಟ ಬಿಗಿದ ಬಟ್ಟೆಯಂಥ ಹಾಳೆಯದಾಗಿದ್ದರೆ ತೂತು ಸೀಳಾಗಿ ಓಡುತ್ತದೆ. ಅದಕ್ಕೇ ನಡುನಡುವೆ ಉಕ್ಕಿನ ಹಗ್ಗದ ಜಾಲ ಹಾಕಬೇಕು. ಒಂದು ಚದರ ಮೀಟರಿನ ಕಂಡಿ ಬಿದ್ದರೆ ಸೆಕೆಂಡಿಗೆ 240 ಕಿಲೊ ಗಾಳಿ ಹೋಗುತ್ತದೆ. ಆದರೂ ಒತ್ತಡ ಅರ್ಧಕ್ಕಿಳಿಯಲು ಕಾಲು ಗಂಟೆ ಹಿಡಿಯುತ್ತದೆ, ಆಗ ಒಳಗೆ 5,500 ಮೀಟರ್ ಎತ್ತರದ ಬೆಟ್ಟದ ಮೇಲಿನಂಥ ಉಸಿರಾಟ. ಓಡಿ ಬಾಗಿಲು ಹಾಕಿಕೊಳ್ಳಲು ಸಮಯವಿದೆ. ಸಣ್ಣ ಕೋಣೆಯ ಲೆಕ್ಕ ಬೇರೆ: 50 ಘನ ಮೀಟರಿನ ಕೋಣೆಗೆ ಅದೇ 8 ಮಿ.ಮೀ. ತೂತು ಬಿದ್ದರೆ ಒಂದು ಗಂಟೆಯಲ್ಲಿ ಒತ್ತಡ ಅರ್ಧ.

ಇನ್ನೊಂದು ಮಾತು. ಆ ಒತ್ತಡ ಪ್ರತಿ ಚದರ ಮೀಟರನ್ನು 10 ಟನ್ ಬಲದಿಂದ ಹೊರಕ್ಕೆ ನೂಕುತ್ತದೆ. ಮಣ್ಣಿನ ಭಾರದಿಂದಲೇ ಅದನ್ನು ಸರಿದೂಗಿಸಲು ಮಂಗಳದ ದುರ್ಬಲ ಗುರುತ್ವದಲ್ಲಿ 18 ಮೀಟರ್ ಮಣ್ಣು ಹೇರಬೇಕು. ವಿಕಿರಣದಿಂದ ರಕ್ಷಣೆಯೂ ಅದರಿಂದಲೇ ಸಿಗುತ್ತದೆ. ಹಾಗಾಗಿ ಬುದ್ಧಿ ಇರುವ ನಗರ ನೆಲದಡಿಯಲ್ಲಿರುತ್ತದೆ. ಗಾಜಿನ ಗುಮ್ಮಟ ಮುಖಪುಟದ ಚಿತ್ರಕ್ಕೆ ಮಾತ್ರ ಚೆಂದ.

ಪ್ರಶ್ನೆ: ಮಂಗಳದ ಬಯಲಲ್ಲಿ ಬಂದೂಕು, ಫಿರಂಗಿ ಹಾರುತ್ತವೆಯೇ? ಅಲ್ಲಿ ಆಮ್ಲಜನಕವೇ ಇಲ್ಲವಲ್ಲ?

ಹಾರುತ್ತವೆ. ಉರಿಯಲು ಬೇಕಾದ ಆಮ್ಲಜನಕ ಮದ್ದಿನೊಳಗೇ ಇದೆ. ತೊಂದರೆ ಬರುವುದು ಬೇರೆ ಕಡೆ. ತೆಳುಗಾಳಿ ನಳಿಗೆಯ ಬಿಸಿಯನ್ನು ಒಯ್ಯುವುದಿಲ್ಲವಾದ್ದರಿಂದ ಮಷೀನ್‌ಗನ್ ಬೇಗ ಕಾಯುತ್ತದೆ. ರಾತ್ರಿಯ ಚಳಿಗೆ ಎಣ್ಣೆ, ಗ್ರೀಸು ಗಟ್ಟಿಯಾಗುತ್ತವೆ. ಎಣ್ಣೆಯ ಬದಲು ಗ್ರಾಫೈಟ್ ಪುಡಿ ಎಂದು ಬರೆಯಬೇಡಿ, ಅದು ಜಾರಲು ಗಾಳಿಯಲ್ಲಿ ತೇವ ಬೇಕು. ಮಾಲಿಬ್ಡಿನಮ್ ಡೈಸಲ್ಫೈಡ್ ಒಣಗಾಳಿಯಲ್ಲೂ ಕೆಲಸ ಮಾಡುತ್ತದೆ.

ದೂರದ ಲೆಕ್ಕ ಸೊಗಸಾಗಿದೆ. ಸೆಕೆಂಡಿಗೆ 900 ಮೀಟರ್ ವೇಗದಲ್ಲಿ 45 ಡಿಗ್ರಿ ಕೋನದಲ್ಲಿ ಹೊರಟ ಫಿರಂಗಿ ಗುಂಡು ಭೂಮಿಯಲ್ಲಿ 30 ಕಿ.ಮೀ. ಆಸುಪಾಸು ಹೋದರೆ, ಮಂಗಳದಲ್ಲಿ ಗಾಳಿಯ ಅಲ್ಪ ತಡೆಯನ್ನು ಬಿಟ್ಟು ಲೆಕ್ಕ ಹಾಕಿದಾಗ 218 ಕಿ.ಮೀ. ಹೋಗುತ್ತದೆ. ಹಾರಾಟದ ಸಮಯ ಐದೂ ಮುಕ್ಕಾಲು ನಿಮಿಷ. ರಾಡಾರ್ ಇದ್ದವರಿಗೆ ಬಾಗಿಲು ಹಾಕಿ ಕೆಳಗಿಳಿಯಲು ಸಾಕು. ಎದುರುಬದುರು ಕಾದಾಟಕ್ಕೆ ಮಾತ್ರ ಗ್ರಹ ಚಿಕ್ಕದು: ನಿಂತವನ ಕಣ್ಣಿಗೆ ದಿಗಂತ 3.4 ಕಿ.ಮೀ.ಗೇ ಮುಗಿಯುತ್ತದೆ. ಹೊರಗೆ ಸಿಡಿದ ಬಾಂಬಿನ ಗಾಳಿಯ ಹೊಡೆತ ದುರ್ಬಲ, ಚೂರುಗಳು ಮಾತ್ರ ವೇಗ ಕಳೆದುಕೊಳ್ಳದೆ ಬಹುದೂರ ಹೋಗುತ್ತವೆ. ಒತ್ತಡ ತುಂಬಿದ ಸುರಂಗದೊಳಗೆ ಸಿಡಿದರೆ ಭೂಮಿಯಲ್ಲಿ ಆಗುವುದೇ ಅಲ್ಲೂ ಆಗುತ್ತದೆ.

ಪ್ರಶ್ನೆ: 200 ಸೈನಿಕರು 400 ಕಿ.ಮೀ. ದೂರದ ನಗರದ ಮೇಲೆ ದಂಡೆತ್ತಿ ಹೋಗಬೇಕು. ಸರಂಜಾಮು ಎಷ್ಟು?

ರಸ್ತೆಯಿಲ್ಲದ ನೆಲ, ದಿನಕ್ಕೆ 100 ಕಿ.ಮೀ. ಎಂದು ಇಟ್ಟುಕೊಳ್ಳಿ. ಹೋಗಲು ನಾಲ್ಕು ದಿನ, ಬರಲು ನಾಲ್ಕು, ಕಾದಾಟಕ್ಕೆ ಎರಡು. ತಲೆಗೆ ದಿನಕ್ಕೆ 0.84 ಕಿಲೊ ಆಮ್ಲಜನಕ, ಮೂರು ಲೀಟರ್ ನೀರು, 600 ಗ್ರಾಂ ಒಣ ಆಹಾರ. ಅಂದರೆ 1.7 ಟನ್, 6 ಟನ್, 1.2 ಟನ್. ಹೊಸಬರು ಮರೆಯುವುದು ನಾಲ್ಕನೆಯದನ್ನು: ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಹೀರುವ ಲಿಥಿಯಂ ಹೈಡ್ರಾಕ್ಸೈಡ್. ಅದು ಎರಡೂವರೆ ಟನ್ ಬೇಕು. ಒಟ್ಟು ಹನ್ನೊಂದೂವರೆ ಟನ್ ಆಯಿತು, ಇದರಲ್ಲಿ ಸಿಲಿಂಡರು, ಬ್ಯಾಟರಿ, ಮದ್ದುಗುಂಡು ಇನ್ನೂ ಸೇರಿಲ್ಲ. ವಾಪಸು ದಾರಿಯ ಗಾಳಿ ಹೊತ್ತ ರೋವರ್ ಸುಟ್ಟುಹೋದರೆ ಗೆದ್ದ ಸೈನ್ಯವೂ ಸೆರೆಯಾಳೇ. ಶತ್ರು ಗುರಿಯಿಡುವುದು ಸೈನಿಕರಿಗಲ್ಲ, ಆ ಬಂಡಿಗೆ.

ಕಥೆಗೆ ತಿರುವು ಕೊಡುವ ಒಂದು ಸಂಗತಿ ಇಲ್ಲಿದೆ. ಹೊರ ಉಡುಪಿನೊಳಗಿನ ಒತ್ತಡ 30 ಕಿಲೋಪ್ಯಾಸ್ಕಲ್ ಆಸುಪಾಸು, ಶುದ್ಧ ಆಮ್ಲಜನಕ. ಒತ್ತಡ ಅದಕ್ಕಿಂತ ಹೆಚ್ಚಿದ್ದರೆ ಉಡುಪು ಉಬ್ಬಿ ಬೆರಳು ಮಡಚಲಾಗದು. 101 ಕಿಲೋಪ್ಯಾಸ್ಕಲ್‌ನಲ್ಲಿ, ಅಂದರೆ ಭೂಮಿಯಷ್ಟೇ ಒತ್ತಡದಲ್ಲಿ, ಬದುಕುವವರು ನೇರ ಅದರೊಳಗೆ ಹೊಕ್ಕರೆ ರಕ್ತದಲ್ಲಿ ಸಾರಜನಕ ಗುಳ್ಳೆಗಟ್ಟಿ ಕೀಲುಗಳು ಹಿಡಿದುಕೊಳ್ಳುತ್ತವೆ, ಮಿದುಳಿಗೂ ತಗಲಬಹುದು. ಮೊದಲು ಗಂಟೆಗಟ್ಟಲೆ ಬರಿ ಆಮ್ಲಜನಕ ಉಸಿರಾಡಬೇಕು. ದಾಳಿಗೆ ಬಂದವರ ರೋವರ್‌ಗಳಲ್ಲಿ ಒತ್ತಡ ಮೊದಲೇ ಕಡಿಮೆ ಇಟ್ಟಿದ್ದರೆ ಅವರು ನಿಮಿಷಗಳಲ್ಲಿ ಹೊರಗಿಳಿದಾರು. ಸುಖವಾಗಿದ್ದ ನಗರದ ಕಾವಲುಪಡೆ ಏರ್‌ಲಾಕ್‌ನಲ್ಲಿ (ಒಳಗಿನ ಗಾಳಿ ಸೋರದಂತೆ ಹೊರಹೋಗಲು ಇರುವ ಎರಡು ಬಾಗಿಲಿನ ಕೋಣೆ) ಮುಖವಾಡ ಹಾಕಿಕೊಂಡು ಗಡಿಯಾರ ನೋಡುತ್ತಾ ಕೂರಬೇಕು.

ಪ್ರಶ್ನೆ: ಜಗಳಕ್ಕೆ ಕಾರಣ ಏನಿಡಲಿ? ಮುತ್ತಿಗೆ ಹಾಕಿದರೆ ನಗರ ಎಷ್ಟು ದಿನ ತಡೆದೀತು?

ಕಾರಣ: ಮಂಜುಗಡ್ಡೆ. ಆರ್ಕೇಡಿಯಾ ಪ್ಲಾನಿಷಿಯಾದಂಥ ನಡು ಅಕ್ಷಾಂಶದ ಬಯಲುಗಳಲ್ಲಿ ಅದು ನೆಲದಡಿ ಹತ್ತಿರದಲ್ಲೇ ಇದೆ. ಸಮಭಾಜಕದ ಬಳಿ ಬಿಸಿಲು ಚೆನ್ನ, ಮಂಜುಗಡ್ಡೆ ಅಪರೂಪ. ಒಂದೂರಿಗೆ ನೀರು, ಇನ್ನೊಂದಕ್ಕೆ ವಿದ್ಯುತ್ತು. ಇಬ್ಬರಿಗೂ ಇಬ್ಬರು ಬೇಕು, ಇಬ್ಬರಿಗೂ ಅದೇ ಸಿಟ್ಟು.

2,000 ಜನರ ನಗರಕ್ಕೆ ದಿನಕ್ಕೆ 1.7 ಟನ್ ಆಮ್ಲಜನಕ ಬೇಕು. ನೀರನ್ನು ವಿದ್ಯುತ್ತಿನಿಂದ ಒಡೆದು ಪಡೆಯುವುದಾದರೆ 1.9 ಟನ್ ನೀರು, ನಷ್ಟವೂ ಸೇರಿ ಸುಮಾರು 10,000 ಯೂನಿಟ್ ವಿದ್ಯುತ್. ಮೊದಲು ಹೇಳಿದ ಗುಮ್ಮಟದಲ್ಲಿ ಆ ಜನರಿದ್ದು ಯಂತ್ರಗಳೆಲ್ಲ ನಿಂತರೆ, ಅವರನ್ನು ಮೊದಲು ಕೊಲ್ಲುವುದು ಆಮ್ಲಜನಕದ ಕೊರತೆಯಲ್ಲ. ಇಂಗಾಲದ ಡೈಆಕ್ಸೈಡ್ ದಿನಕ್ಕೆ ಶೇ. 0.42ರಂತೆ ಏರಿ ಹತ್ತನೇ ದಿನಕ್ಕೆ ಶೇ. 4 ದಾಟುತ್ತದೆ. ತಲೆನೋವು, ಏದುಸಿರು, ದಿಗಿಲು. ಆಮ್ಲಜನಕ ಆಗಲೂ ಶೇ. 16ರ ಆಸುಪಾಸಿನಲ್ಲಿರುತ್ತದೆ. ಶರಣಾಗತಿಯ ಮಾತುಕತೆ ಎಂಟನೇ ದಿನ ಶುರುವಾದರೆ ನಂಬಬಹುದು. ಮತ್ತು ನಗರ ಬೇಕೆಂದು ಬಂದವನು ಅದರ ಗೋಡೆ ಒಡೆಯುವುದಿಲ್ಲ, ಗಾಳಿ ಮಾಡುವ ಯಂತ್ರದ ವಿದ್ಯುತ್ ಕಡಿಯುತ್ತಾನೆ.

ಹಳೆಯ ನಗರರಾಜ್ಯಗಳೂ ಹೀಗೇ ಸೋತವು. ಕ್ರಿ.ಪೂ. 413ರಲ್ಲಿ ಸ್ಪಾರ್ಟಾದವರು ಅಥೆನ್ಸ್ ಸಮೀಪದ ಡೆಸೆಲಿಯಾದಲ್ಲಿ ಕೋಟೆ ಕಟ್ಟಿ ವರ್ಷವಿಡೀ ಕೂತು ಹೊಲಗದ್ದೆಯ ದಾರಿ ಮುಚ್ಚಿದರು. 405ರಲ್ಲಿ ಈಗೊಸ್‌ಪೊಟಮಿಯಲ್ಲಿ ಅಥೆನ್ಸ್‌ನ ಹಡಗುಪಡೆ ನಾಶವಾದಾಗ ಕಪ್ಪು ಸಮುದ್ರದ ಧಾನ್ಯವೂ ನಿಂತಿತು. ಮರುವರ್ಷ ಹಸಿವೆಯಿಂದ ನಗರ ಮಣಿಯಿತು. ಅತಿಜಾಣತನ ಕೆಡುವುದಕ್ಕೂ ಉದಾಹರಣೆಯಿದೆ: 1504ರಲ್ಲಿ ಫ್ಲಾರೆನ್ಸ್ ಪೀಸಾವನ್ನು ಬಗ್ಗಿಸಲು ಆರ್ನೋ ನದಿಯನ್ನೇ ತಿರುಗಿಸಹೊರಟಿತು. ಕಾಲುವೆಯ ಆಳ ಸಾಲಲಿಲ್ಲ, ಬಿರುಮಳೆಗೆ ದಂಡೆ ಕುಸಿಯಿತು.

ಪ್ರಶ್ನೆ: ದೂಳು ಬಿರುಗಾಳಿಯಲ್ಲಿ ಸೈನ್ಯ ಹಾರಿಹೋಗುವ ದೃಶ್ಯ ಇಡಬಹುದೇ?

ಬೇಡ. ಸೆಕೆಂಡಿಗೆ 30 ಮೀಟರ್ ವೇಗದ ಗಾಳಿ ಅಲ್ಲಿ ಕೊಡುವ ಒತ್ತು ನಮ್ಮಲ್ಲಿ ಗಂಟೆಗೆ 14 ಕಿ.ಮೀ. ಗಾಳಿಯಷ್ಟು. ಬಿರುಗಾಳಿ ಕೊಲ್ಲುವುದು ಕತ್ತಲೆಯಿಂದ. 2018ರಲ್ಲಿ ಆಪರ್ಚುನಿಟಿ ರೋವರ್‌ನ ದಿನದ ಸೌರವಿದ್ಯುತ್ 645 ವ್ಯಾಟ್-ಗಂಟೆಯಿಂದ 22ಕ್ಕೆ ಕುಸಿಯಿತು. ಜೂನ್ 10ರ ನಂತರ ಅದು ಮಾತನಾಡಲಿಲ್ಲ. ಸೌರ ಫಲಕ ನಂಬಿದ ನಗರಕ್ಕೆ ಮುತ್ತಿಗೆ ಹಾಕುವುದಿದ್ದರೆ ದಕ್ಷಿಣಾರ್ಧದ ವಸಂತ, ಬೇಸಿಗೆಯ ದೂಳುಗಾಲವೇ ತಕ್ಕ ಹೊತ್ತು. ಪರಮಾಣು ರಿಯಾಕ್ಟರ್ ಇದ್ದರೆ ದೂಳು ಲೆಕ್ಕಕ್ಕಿಲ್ಲ. ಆದರೆ ಅದರ ಬಿಸಿ ಹೊರಹಾಕುವ ಫಲಕಗಳು ದೊಡ್ಡವು, ಬಯಲಲ್ಲಿರುತ್ತವೆ, ಒಂದು ಬಾಂಬಿನ ಚೂರುಗಳಿಗೆ ಸೋರತೊಡಗುತ್ತವೆ.

ಪ್ರಶ್ನೆ: ಭೂಮಿಯಿಂದ ನೆರವು?

ಹೊರಡುವ ಮುಹೂರ್ತ 26 ತಿಂಗಳಿಗೊಮ್ಮೆ, ಪಯಣ ಆರರಿಂದ ಒಂಬತ್ತು ತಿಂಗಳು. ಸಂದೇಶ ತಲುಪಲು 3ರಿಂದ 22 ನಿಮಿಷ. ಸೂರ್ಯ ಅಡ್ಡ ಬಂದಾಗ ಸುಮಾರು ಎರಡು ವಾರ ಅದೂ ಇಲ್ಲ. ಯುದ್ಧ ಸಾರುವವನು ಆ ಎರಡು ವಾರ ನೋಡಿ ಸಾರುತ್ತಾನೆ.

ಪ್ರಶ್ನೆ: ಎರಡು ನಗರಗಳ ಗಡಿಯಾರ ಒಂದೇ ಆಗಿರುತ್ತದೆಯೇ?

ಆಯಾ ಊರಿನ ಸೂರ್ಯನನ್ನು ನಂಬಿದರೆ ಆಗಿರದು. ಅಲ್ಲಿನ ಹಗಲುರಾತ್ರಿ ಸೇರಿ 24 ಗಂಟೆ 39 ನಿಮಿಷ 35 ಸೆಕೆಂಡು, ಸಮಭಾಜಕದಲ್ಲಿ ಒಂದು ರೇಖಾಂಶಕ್ಕೆ 59 ಕಿ.ಮೀ. ಪೂರ್ವ-ಪಶ್ಚಿಮವಾಗಿ 400 ಕಿ.ಮೀ. ಅಂತರವಿದ್ದರೆ ಸೂರ್ಯೋದಯದಲ್ಲಿ 28 ನಿಮಿಷದ ವ್ಯತ್ಯಾಸ. ‘ಬೆಳಗಾಗುತ್ತಲೇ ದಾಳಿ’ ಎಂದು ನಿಮ್ಮ ಸೇನಾಪತಿ ಅಪ್ಪಣೆ ಕೊಟ್ಟರೆ, ಯಾವ ಊರಿನ ಬೆಳಗು ಎಂಬುದನ್ನೂ ಸೇರಿಸಿ ಬರೆಯಿರಿ.