ಸಿಲಿಂಡರ್ ಪರೀಕ್ಷೆಯಲ್ಲಿ ಪಾಯ್ಸನ್ ಅನುಪಾತ 0.36 ಬರ್ತಿದೆ, ಡಯಲ್ ಗೇಜ್ ಕೆಟ್ಟಿದೆಯಾ?

ಗೇಜ್ ಕೆಟ್ಟಂಗ ಕಾಣೂದಿಲ್ರಿ. ನೀವು ಕೊಟ್ಟ ಅಂಕಿಗಳಲ್ಲೇ ಉತ್ತರ ಕೂತಿದೆ. 150 ಮಿ.ಮೀ. ವ್ಯಾಸ, 300 ಮಿ.ಮೀ. ಎತ್ತರದ ಕಾಂಕ್ರೀಟ್ ಸಿಲಿಂಡರ್. 210 ಕಿಲೋನ್ಯೂಟನ್ ಲೋಡಿಗೆ ಅಡ್ಡ ಉಬ್ಬನ್ನು ಅಳೆಯೋ ಗೇಜಿನ ಮುಳ್ಳು 12 ಗೆರೆ ಓಡಿದೆ, ಒಂದು ಗೆರೆಗೆ 0.002 ಮಿ.ಮೀ. ಇ ವ್ಯಾಲ್ಯೂ, ಅಂದರೆ ಕಾಂಕ್ರೀಟಿನ ಬಿಗಿತದ ಅಳತೆ, 27,000 ಮೆಗಾಪಾಸ್ಕಲ್ ಬಂದಿದೆ, ಅದು ಸರಿಯಾಗೇ ಇದೆ. ಪಾಯ್ಸನ್, ಅಂದರೆ ಅಡ್ಡಕ್ಕೆ ಉಬ್ಬೋ ಪ್ರಮಾಣವನ್ನು ಉದ್ದಕ್ಕೆ ಕುಗ್ಗೋ ಪ್ರಮಾಣದಿಂದ ಭಾಗಿಸಿದ್ದು, ಮಾತ್ರ 0.36. ಕಾಂಕ್ರೀಟಿಗೆ ಸಾಮಾನ್ಯವಾಗಿ ಬರೋದು 0.15ರಿಂದ 0.20. ನಿಮ್ಮ 0.36ರ ಅರ್ಧ ಎಷ್ಟು?

ಹುಬ್ಬಳ್ಳಿಯ ಒಂದು ಟೆಸ್ಟಿಂಗ್ ಲ್ಯಾಬಿನಲ್ಲಿ ಸೇರಿದ ಹೊಸದರಲ್ಲಿ ನಾನೂ ಇದೇ ತಪ್ಪು ಮಾಡಿ, ಗೇಜ್ ಬದಲಿಸಿ ಅಂತ ಅರ್ಜಿ ಬರೆಯೋಕೆ ಕೂತಿದ್ದೆ. ಮಷಿನ್ ನಡೆಸ್ತಿದ್ದ ಹಿರಿಯರು ನನ್ನ ಹಾಳೆ ನೋಡಿ, "ಅಲ್ಲೋ ತಮ್ಮಾ, ಆ ರಿಂಗು ಎರಡು ಪಟ್ಟು ತೋರಸ್ತದ. ಅರ್ಧಾ ಮಾಡಿಯೇನು?" ಅಂದ್ರು.

ಸಿಲಿಂಡರಿನ ನಡುವಿಗೆ ಸುತ್ತಿ ಅಡ್ಡ ಗೇಜನ್ನು ಹಿಡಿದಿರೋ ಆ ರಿಂಗನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಅದು ಎರಡು ತುಂಡು. ಹಿಂದೆ ಬಿಜಾಗರಿಯಂಥ ಕೀಲು, ಮುಂದೆ ಗೇಜು. ಸಿಲಿಂಡರನ್ನು ಮುಟ್ಟಿರೋದು ಎಡಬಲದ ಎರಡು ಸ್ಕ್ರೂ ಮಾತ್ರ. ಮಾದರಿ ಉಬ್ಬಿದಾಗ ಆ ಎರಡು ಬಿಂದುಗಳು ದೂರ ಸರೀತವೆ, ರಿಂಗು ಕೀಲಿನ ಸುತ್ತ ಬಾಯಿ ತೆರೀತದೆ. ಬಾಗಿಲು ನಡುವೆ ಒಂದು ಇಂಚು ಸರಿದರೆ ಚಿಲಕದ ಹತ್ತಿರ ಎರಡು ಇಂಚು ಸರಿಯುತ್ತದಲ್ಲ, ಅದೇ ಲೆಕ್ಕ. ನಿಮ್ಮ 0.024 ಮಿ.ಮೀ.ನಲ್ಲಿ ನಿಜವಾದ ಉಬ್ಬು 0.012. ಉದ್ದದ ಕುಗ್ಗನ್ನು ಅಳೆಯೋ ಗೇಜೂ ಇದೇ ಥರ ಎರಡು ಪಟ್ಟು ತೋರಿಸ್ತದೆ, ಅದರ ರೀಡಿಂಗನ್ನು ನೀವು ಅರ್ಧ ಮಾಡೇ ಇರ್ತೀರಿ. ಇಲ್ಲದಿದ್ದರೆ ಇ ವ್ಯಾಲ್ಯೂ ಸರಿ ಬರ್ತಿರಲಿಲ್ಲ. ಎರಡನ್ನೂ ಮರೆತಿದ್ದರೆ ಪಾಯ್ಸನ್ ಚೆನ್ನಾಗೇ ಬಂದು, ಇ ಮಾತ್ರ ಅರ್ಧಕ್ಕಿಳಿದು, ಇನ್ನೂ ತಲೆ ಕೆಡ್ತಿತ್ತು.

ಆದರೆ ಕಣ್ಣು ಮುಚ್ಚಿ ಎರಡರಿಂದ ಭಾಗಿಸಬೇಡಿ. ಸ್ಕ್ರೂಗಳ ಸಾಲಿನಿಂದ ಕೀಲಿಗೆ ಎಷ್ಟು, ಗೇಜಿಗೆ ಎಷ್ಟು ಅಂತ ವರ್ನಿಯರ್ ಹಿಡಿದು ಅಳೆಯಿರಿ. ಎರಡೂ ಸಮ ಇದ್ದರಷ್ಟೇ ಅರ್ಧ. ಇಲ್ಲವಾದರೆ ರೀಡಿಂಗನ್ನು ಕೀಲಿನ ದೂರದಿಂದ ಗುಣಿಸಿ, ಎರಡೂ ದೂರಗಳ ಮೊತ್ತದಿಂದ ಭಾಗಿಸಬೇಕು.

0.012 ಮಿ.ಮೀ. ಅಂದರೆ ತಲೆಗೂದಲಿನ ದಪ್ಪದ ಕಾಲು ಭಾಗವೂ ಅಲ್ಲ. "ಮೊದಮೊದಲು ಮುಳ್ಳು ಅಲ್ಲಾಡಲೇ ಇಲ್ಲ" ಅಂದಿರಲ್ಲ, ಅದಕ್ಕೆ ಇದೇ ಕಾರಣ. ಇಷ್ಟು ಸಣ್ಣ ಚಲನೆಯನ್ನು ಕೀಲಿನ ಸಡಿಲವೇ ನುಂಗಿಬಿಡ್ತದೆ. ಒಮ್ಮೆ ಸಿಲಿಂಡರ್ ಒಡೆಯೋ ಲೋಡಿನ 40 ಶೇಕಡಾವರೆಗೆ ಏರಿಸಿ ಇಳಿಸಿ, ಆ ಸುತ್ತಿನ ರೀಡಿಂಗ್ ಬಿಟ್ಟುಬಿಡಿ. ಎರಡನೇ, ಮೂರನೇ ಸುತ್ತಿನದು ಬರೆದುಕೊಳ್ಳಿ. ಓದುವ ಮುಂಚೆ ಪೆನ್ಸಿಲ್ ತುದಿಯಿಂದ ಗೇಜನ್ನು ಮೆಲ್ಲಗೆ ತಟ್ಟಿ, ಅಂಟಿಕೊಂಡ ಮುಳ್ಳು ಬಿಡುತ್ತದೆ. ಸ್ಕ್ರೂ ಕೂರೋ ಜಾಗದಲ್ಲಿ ಗಾಳಿಗುಳ್ಳೆಯ ತೂತು ಇರಬಾರದು. ನಮ್ಮಲ್ಲೊಮ್ಮೆ ಸ್ಕ್ರೂ ತೂತಿನ ಮೇಲಿನ ತೆಳು ಸಿಮೆಂಟ್ ಪದರದ ಮೇಲೆ ಕೂತು, ಲೋಡ್ ಏರಿದಂತೆ ಮುಳ್ಳು ಹಿಂದಕ್ಕೆ ಓಡಿತ್ತು. ಕಾಂಕ್ರೀಟು ಒತ್ತಿದರೆ ಸಣ್ಣಗಾಗ್ತದೆ ಅಂತ ಇಡೀ ಲ್ಯಾಬು ನಕ್ಕಿತ್ತು.

ಕೊನೆಗೆ ಮುಳ್ಳು ಜಿಗೀತು ಅಂದಿರಿ. ಅದು ಸೀಳು ಬಿಡ್ತಿರೋದು. ಲೋಡು ಸಾಮರ್ಥ್ಯದ ಮುಕ್ಕಾಲು ದಾಟಿದ ಮೇಲೆ ಒಳಗಿನ ಬಿರುಕುಗಳು ಉದ್ದಕ್ಕೆ ತೆರೆದು ಅಡ್ಡ ಅಳತೆ ಹುಚ್ಚೆದ್ದು ಏರುತ್ತದೆ. ಆ ಭಾಗದಿಂದ ಪಾಯ್ಸನ್ ತೆಗೆದರೆ ಅರ್ಥವಿಲ್ಲ. ಅಷ್ಟು ಹೊತ್ತಿಗೆ ರಿಂಗ್ ಬಿಚ್ಚಿಟ್ಟಿರಬೇಕು, ಸಿಲಿಂಡರ್ ಸಿಡಿದರೆ ಗೇಜಿನ ಕತೆ ಮುಗೀತು.

ಸ್ಟ್ರೈನ್ ಗೇಜ್, ಅಂದರೆ ಹಿಗ್ಗು-ಕುಗ್ಗನ್ನು ವಿದ್ಯುತ್ತಿನಿಂದ ಅಳೆಯೋ ತೆಳು ಪಟ್ಟಿ, ಅಂಟಿಸಿದರೆ ಹೇಗೆ ಅಂತಲೂ ಕೇಳಿದ್ದೀರಿ. ಒಳ್ಳೆಯದೇ, ಆದರೆ ಜಲ್ಲಿಕಲ್ಲಿನ ಗಾತ್ರದ ಮೂರು ಪಟ್ಟಾದರೂ ಉದ್ದ ಇರಲಿ. 20 ಮಿ.ಮೀ. ಜಲ್ಲಿಗೆ 60 ಮಿ.ಮೀ. ಗೇಜ್. ಚಿಕ್ಕದಾದರೆ ಒಂದೇ ಕಲ್ಲಿನ ಮೇಲೆ ಕೂತು ಕಲ್ಲಿನ ಲೆಕ್ಕ ಕೊಡುತ್ತದೆ. ಎತ್ತರದ ನಟ್ಟನಡುವೆ ಅಂಟಿಸಿ, ತುದಿಗಳಲ್ಲಿ ಪ್ಲೇಟಿನ ಘರ್ಷಣೆ ಮಾದರಿಯನ್ನು ಉಬ್ಬಗೊಡುವುದಿಲ್ಲ. ಇನ್ನೊಂದು, ಏಪ್ರಿಲ್ ಮಧ್ಯಾಹ್ನ ನಮ್ಮ ಪಶ್ಚಿಮದ ಕಿಟಕಿಯಿಂದ ಬಿಸಿಲು ನೇರ ಮಷಿನ್ ಮೇಲೆ ಬೀಳ್ತಿತ್ತು. ಕಾಂಕ್ರೀಟು ಒಂದು ಡಿಗ್ರಿಗೆ ಸುಮಾರು 10 ಮೈಕ್ರೋಸ್ಟ್ರೈನ್, ಅಂದರೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 10 ಪಾಲು, ಹಿಗ್ಗುತ್ತದೆ. ನೀವು ಹುಡುಕ್ತಿರೋದೇ, 0.012ನ್ನು 150ರಿಂದ ಭಾಗಿಸಿದರೆ, 80 ಮೈಕ್ರೋಸ್ಟ್ರೈನ್. ಲೋಡಿಲ್ಲದ ಇನ್ನೊಂದು ತುಂಡಿಗೆ ಅದೇ ಗೇಜ್ ಅಂಟಿಸಿ, ಪಕ್ಕದಲ್ಲಿಟ್ಟು, ಬ್ರಿಜ್‌ನಲ್ಲಿ (ಬಿಸಿಯ ಹಿಗ್ಗನ್ನು ಕಳೆದುಹಾಕೋ ಸರ್ಕ್ಯೂಟ್) ಜೋಡಿಸಿ. ನಾವಂತೂ ಮೊದಲು ಒಂದು ಗೋಣಿಚೀಲ ಕಿಟಕಿಗೆ ಕಟ್ಟಿದ್ವಿ.

ಮುಂದೆ ಗದಗ ಕಡೆಯ ಪದರುಗಲ್ಲಿನ ಕೋರ್ (ಕೊರೆದು ತೆಗೆದ ಸಿಲಿಂಡರ್ ತುಂಡು) ಕೈಗೆ ಬಂದರೆ ಒಂದೇ ವ್ಯಾಸದಲ್ಲಿ ಅಳೆದು ಸುಮ್ಮನಾಗಬೇಡಿ. ಪದರು ಓರೆಯಾಗಿದ್ದರೆ ಒಂದು ಕಡೆ ಉಬ್ಬೋದೇ ಬೇರೆ, ಅದಕ್ಕೆ ಅಡ್ಡಲಾಗಿ ಉಬ್ಬೋದೇ ಬೇರೆ. ಎರಡು ದಿಕ್ಕಿಗೂ ಗೇಜ್ ಬೇಕು, ರೀಡಿಂಗೂ ಬೇರೆಬೇರೆ ಬರೆದಿಡಬೇಕು.