ಬ್ಯಾಂಜೊ ನುಡಿಸುವವರಿಗೆ ಒಬ್ಬ ತಯಾರಕನ ಮೇಲೆ ಅಷ್ಟೊಂದು ಮೋಹ ಯಾಕೆ?

ನಿಮ್ಮ ಆಫೀಸಿನ ಅಮೆರಿಕನ್ ಸಹೋದ್ಯೋಗಿ ಗಿಬ್ಸನ್ ಕಂಪನಿಯದು ಬಿಟ್ಟು ಬೇರೆ ಬ್ಯಾಂಜೊ ಮುಟ್ಟುವುದಿಲ್ಲ, ಅವರ ಗೆಳೆಯ ಡೀರಿಂಗ್ ಬಿಟ್ಟು ಕದಲುವುದಿಲ್ಲ, ಊಟದ ಹೊತ್ತಿಗೆಲ್ಲ ಇದೇ ವಾಗ್ವಾದ ಅಂತ ಬರೆದಿದ್ದೀರಿ. ದನಿಯಲ್ಲಿ ನಿಜವಾಗಿಯೂ ಅಷ್ಟು ವ್ಯತ್ಯಾಸ ಇದೆಯಾ, ಇಲ್ಲ ಬರೀ ಹೆಸರಿನ ಹುಚ್ಚಾ ಎನ್ನುವುದು ನಿಮ್ಮ ಪ್ರಶ್ನೆ. ನಾನಿರುವುದು ನಾರ್ತ್ ಕ್ಯಾರೊಲೈನಾದಲ್ಲಿ. ಐದು ತಂತಿಯ ಬ್ಯಾಂಜೊ ನುಡಿಸುತ್ತೇನೆ. ವೃತ್ತಿಯವನಲ್ಲ, ವಾರಾಂತ್ಯದ ಜಾಮ್‌ಗಳಲ್ಲಿ, ಅಂದರೆ ಒಟ್ಟಿಗೆ ಕೂತು ನುಡಿಸುವ ಕೂಟಗಳಲ್ಲಿ, ಹಿಂದಿನ ಸಾಲಿನ ಗಿರಾಕಿ. ನನಗೆ ಅನ್ನಿಸುವುದಿಷ್ಟು: ಈ ಮೋಹ ಕಿವಿಯಲ್ಲಿ ಹುಟ್ಟುತ್ತದೆ, ಎಡಗೈಯಲ್ಲಿ ಬೇರು ಬಿಡುತ್ತದೆ. ಹೆಸರಿನ ಹುಚ್ಚೂ ಇದೆ, ಆದರೆ ಅದು ಮೂರನೆಯ ಮಾತು.

(ನಮ್ಮ ಕಡೆ ಆರ್ಕೆಸ್ಟ್ರಾಗಳಲ್ಲಿ ಬ್ಯಾಂಜೊ ಅಂದರೆ ಟೈಪ್‌ರೈಟರ್‌ನಂಥ ಕೀಲಿ ಒತ್ತಿ ನುಡಿಸುವ ಬುಲ್‌ಬುಲ್ ತರಂಗ್. ನಾನು ಹೇಳುತ್ತಿರುವುದು ಅದಲ್ಲ. ಉದ್ದ ಕೈ, ದುಂಡು ಹೊಟ್ಟೆ, ಹೊಟ್ಟೆಗೆ ಚರ್ಮ ಬಿಗಿದ ಅಮೆರಿಕದ ವಾದ್ಯ.)

ಮೊದಲು ಆ ವಾದ್ಯದ ಒಂದು ವಿಚಿತ್ರ ತಿಳಿದುಕೊಳ್ಳಿ. ಪಿಟೀಲನ್ನೋ ಗಿಟಾರನ್ನೋ ಅಂಟು ಹಾಕಿ ಕಟ್ಟುತ್ತಾರೆ. ಬ್ಯಾಂಜೊವನ್ನು ನಟ್ಟು ಬೋಲ್ಟು ಹಾಕಿ ಜೋಡಿಸುತ್ತಾರೆ. ಒಂದು ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್ ಇದ್ದರೆ ಇಡೀ ವಾದ್ಯವನ್ನು ಮೇಜಿನ ಮೇಲೆ ಬಿಡಿಬಿಡಿಯಾಗಿ ಹರಡಬಹುದು. ಮೇಪಲ್ ಮರದ ಬಳೆ, ಅಂದರೆ ರಿಮ್. ಅದರ ಮೇಲೆ ಕೂರುವ ಕಂಚಿನ ಟೋನ್ ರಿಂಗ್. ಅದರ ಮೇಲೆ ಸಾಮಾನ್ಯವಾಗಿ 11 ಇಂಚು ಅಗಲದ ಹೆಡ್. ಹೆಡ್ ಹಿಂದೆ ಕರುವಿನ ಚರ್ಮದ್ದಾಗಿತ್ತು, ಈಗ ಹೆಚ್ಚಾಗಿ ಪ್ಲಾಸ್ಟಿಕ್. ಅದನ್ನು ಸುತ್ತಲಿನ ಕೊಕ್ಕೆಗಳು ಕೆಳಕ್ಕೆ ಎಳೆದು ಹಿಡಿದಿರುತ್ತವೆ. ಮೃದಂಗದ ಮುಚ್ಚಿಗೆಗೆ ಶ್ರುತಿ ಕೂಡಿಸಿದ ಹಾಗೆ ಇಲ್ಲೂ ಹೆಡ್ಡನ್ನು ತಟ್ಟಿ ತಟ್ಟಿ, ಒಂದೊಂದೇ ನಟ್ಟನ್ನು ಕಾಲು ಸುತ್ತು ತಿರುಗಿಸಿ ಬಿಗಿ ಸರಿಮಾಡುತ್ತಾರೆ. ತಂತಿಗಳನ್ನು ಹೊರುವ ಕುದುರೆ, ಅಂದರೆ ಬ್ರಿಜ್, ಅಂಟಿಸಿದ್ದಲ್ಲ, ತಂತಿಯ ಒತ್ತಡಕ್ಕೆ ನಿಂತದ್ದು. ಅದನ್ನು ಕೂದಲೆಳೆಯಷ್ಟು ಸರಿಸಿದರೂ ಮೇಲಿನ ಸ್ವರಗಳು ಅಪಸ್ವರ. ಕುದುರೆ, ಹೆಡ್, ತಂತಿಗಳ ಬುಡ ಹಿಡಿಯುವ ಟೇಲ್‌ಪೀಸ್ ಮೂರನ್ನೂ ಬದಲಿಸಿದರೆ ಅದೇ ಬ್ಯಾಂಜೊ ಬೇರೆಯವರ ಮನೆಯದು ಅನ್ನಿಸುವಷ್ಟು ದನಿ ಬದಲಾಗುತ್ತದೆ.

ಹಾಗಿದ್ದರೆ ತಯಾರಕನಿಗೆ ಏನು ಉಳಿಯಿತು? ಎಲ್ಲವನ್ನೂ ಬದಲಿಸಬಹುದಾದ ವಾದ್ಯಕ್ಕೆ ಇಷ್ಟು ನಿಷ್ಠೆ ಯಾಕೆ? ನಿಮ್ಮ ಪ್ರಶ್ನೆ ಕಚ್ಚುವುದು ಇಲ್ಲಿ. ಉತ್ತರಕ್ಕೆ ಅರ್ಲ್ ಸ್ಕ್ರಗ್ಸ್ ಹತ್ತಿರ ಹೋಗಬೇಕು.

ಸ್ಕ್ರಗ್ಸ್ (1924–2012) ಇದೇ ರಾಜ್ಯದ ಕ್ಲೀವ್‌ಲೆಂಡ್ ಕೌಂಟಿಯವರು. ಅಲ್ಲಿನ ಶೆಲ್ಬಿ ಊರಿನ ಹಳೆಯ ಕೋರ್ಟು ಕಟ್ಟಡ ಈಗ ಅವರ ಹೆಸರಿನ ಮ್ಯೂಸಿಯಂ. 1945ರ ಡಿಸೆಂಬರ್‌ನಲ್ಲಿ ಅವರು ಬಿಲ್ ಮನ್ರೋ ತಂಡ ಸೇರಿ ಹೆಬ್ಬೆರಳು ಮತ್ತು ಎರಡು ಬೆರಳುಗಳಿಂದ ಉರುಳಿಸಿದ ಆ ನುಡಿಸಾಣಿಕೆ ಬ್ಲೂಗ್ರಾಸ್ ಎಂಬ ಸಂಗೀತಕ್ಕೆ ಮುಖ ಕೊಟ್ಟಿತು. ಆಮೇಲೆ ಬ್ಯಾಂಜೊ ಹಿಡಿದ ಹುಡುಗರೆಲ್ಲ ಆ ರೆಕಾರ್ಡುಗಳನ್ನು ನಿಧಾನಗತಿಯಲ್ಲಿ ಓಡಿಸಿ ಒಂದೊಂದು ಸ್ವರವನ್ನೂ ಕದ್ದರು. ಮುಂದೆ ಅವರ ಕೈಯಲ್ಲಿ ನೆಲೆಸಿದ್ದು 1930ರ ದಶಕದ, ಗ್ರನಾಡ ಎಂಬ ಮಾದರಿಯ ಗಿಬ್ಸನ್. ಅದು ಅಂಗಡಿಯಿಂದ ಹೊಚ್ಚ ಹೊಸದಾಗಿ ಬಂದದ್ದೇನೂ ಅಲ್ಲ. ಸ್ನಫಿ ಜೆಂಕಿನ್ಸ್ ಎಂಬ ಹಿರಿಯ ವಾದಕ ಅದನ್ನು ಗಿರವಿ ಅಂಗಡಿಯಲ್ಲಿ ಕೊಂಡರು, ಅವರಿಂದ ಡಾನ್ ರೀನೊ ಕೈಗೆ ಬಂತು, 1940ರ ದಶಕದ ಕೊನೆಗೆ ರೀನೊ ಮತ್ತು ಸ್ಕ್ರಗ್ಸ್ ತಮ್ಮ ತಮ್ಮ ಬ್ಯಾಂಜೊ ಅದಲುಬದಲು ಮಾಡಿಕೊಂಡರು. ಹೀಗೆ ಕೈಬದಲಾಗುತ್ತ ಬಂದ ಒಂದು ವಾದ್ಯದ ದನಿಯೇ "ಬ್ಯಾಂಜೊ ಅಂದರೆ ಹೀಗೆ ಕೇಳಬೇಕು" ಎನ್ನುವ ಅಳತೆಗೋಲಾಗಿಬಿಟ್ಟಿತು.

ಗಮನಿಸಿ, ಜನ ಮೊದಲು ಬಯಸಿದ್ದು ಸ್ಕ್ರಗ್ಸ್ ದನಿಯನ್ನು. ಗಿಬ್ಸನ್ ಬಂದದ್ದು ಆ ದನಿಯ ಬೆನ್ನಿಗೆ. 1960ರ ದಶಕದಲ್ಲಿ ಬಾಸ್ಟನ್ನಿನ ವೆಗಾ ಕಂಪನಿ ಸ್ಕ್ರಗ್ಸ್ ಹೆಸರಿನಲ್ಲೇ ಒಂದು ಮಾದರಿ ಮಾರಿತು. ಒಳ್ಳೆಯ ವಾದ್ಯವೇ. ಆದರೆ ಕೇಳಿ ಬೆಳೆದವರ ಕಿವಿ ಒಪ್ಪಂದದ ಕಾಗದ ನೋಡುವುದಿಲ್ಲವಲ್ಲ. ಅವರಿಗೆ ಬೇಕಾದದ್ದು ಗ್ರನಾಡವೇ.

ಇನ್ನೊಂದು ತಿರುವು ಇದೆ. ಗಿಬ್ಸನ್ ತನ್ನ ಮಾಸ್ಟರ್‌ಟೋನ್ ಸಾಲನ್ನು ಮಿಶಿಗನ್ನಿನ ಕಲಮಜೂದಲ್ಲಿ 1925ರಲ್ಲಿ ಶುರು ಮಾಡಿದಾಗ ಬೇಡಿಕೆ ಇದ್ದದ್ದು ನಾಲ್ಕು ತಂತಿಯ ಟೆನರ್ ಬ್ಯಾಂಜೊಗೆ, ಜಾಸ್ ತಂಡಗಳಿಗಾಗಿ. ಐದು ತಂತಿಯದು ಆಗ ಹಳ್ಳಿಯವರ ವಾದ್ಯ. ಮುಂದೆ ಆರ್ಥಿಕ ಕುಸಿತದ ಕಾಲವೂ ಬಂತು. ಹಾಗಾಗಿ ಫ್ಲಾಟ್‌ಹೆಡ್ ಎಂಬ, ಹೆಡ್ ಅಂಚಿನವರೆಗೂ ಸಪಾಟಾಗಿ ಕೂರುವ ಟೋನ್ ರಿಂಗ್ ಇರುವ, ಹುಟ್ಟಿನಿಂದಲೇ ಐದು ತಂತಿಯ, ಎರಡನೇ ಮಹಾಯುದ್ಧಕ್ಕೆ ಮುಂಚಿನ ಗಿಬ್ಸನ್‌ಗಳು ತೀರಾ ಕಡಿಮೆ. ಉಳಿದವರು ಏನು ಮಾಡಿದರು? ಹಳೆಯ ಟೆನರ್ ಕೊಂಡು, ನೆಕ್, ಅಂದರೆ ಅದರ ಕೈ, ಬಿಚ್ಚಿ, ಐದು ತಂತಿಯ ಹೊಸ ನೆಕ್ ಮಾಡಿಸಿ ಹಾಕಿಸಿದರು. ಇದಕ್ಕೆ ಕನ್ವರ್ಶನ್ ಅನ್ನುತ್ತಾರೆ. ಹೊಟ್ಟೆ ಗಿಬ್ಸನ್ನಿನದು, ಕೈ ಇನ್ನೊಬ್ಬನದು. ಆದರೂ ಅದನ್ನು ಗಿಬ್ಸನ್ ಅಂತಲೇ ಕರೆಯುತ್ತಾರೆ. ಆ ರಿಂಗಿನ ಕಂಚಿನಲ್ಲಿ ಏನೋ ಇದೆ, ಹಳೆಯ ಮರದಲ್ಲಿ ಏನೋ ಇದೆ ಎನ್ನುವ ನಂಬಿಕೆ ಇಲ್ಲಿ ಒಂದು ಶಾಸ್ತ್ರವೇ ಆಗಿದೆ. ಟೆನೆಸ್ಸಿಯ ಸ್ಟೀವ್ ಹ್ಯೂಬರ್ ಆ ಹಳೆಯ ರಿಂಗುಗಳನ್ನು ಅಧ್ಯಯನ ಮಾಡಿ ಅವುಗಳ ದಾರಿಯಲ್ಲೇ ಹೊಸವನ್ನು ಮಾಡುತ್ತಾರೆ, ಅವರಿಗೂ ತಮ್ಮದೇ ಭಕ್ತರಿದ್ದಾರೆ.

ಮೂಲ ಕಂಪನಿಯ ಕಥೆ ಏನಾಯಿತು ಗೊತ್ತೆ? 2010ರ ಮೇ ತಿಂಗಳಲ್ಲಿ ಕಂಬರ್ಲೆಂಡ್ ನದಿ ಉಕ್ಕಿ ನ್ಯಾಶ್‌ವಿಲ್ ಮುಳುಗಿತು. ಅಲ್ಲಿ ನಡೆಯುತ್ತಿದ್ದ ಗಿಬ್ಸನ್ ಬ್ಯಾಂಜೊ ತಯಾರಿಕೆ ನಿಂತಿತು, ಆಮೇಲೆ ವರ್ಷಗಟ್ಟಲೆ ಹೊಸ ಗಿಬ್ಸನ್ ಬ್ಯಾಂಜೊ ಬರಲಿಲ್ಲ. ಅಭಿಮಾನ ಒಂದಿಷ್ಟೂ ಇಳಿಯಲಿಲ್ಲ. ನನ್ನ ಪ್ರಕಾರ ಏರಿತು.

ಇದೆಲ್ಲ ಕಿವಿಯ ಮಾತು. ಈಗ ಕೈಯ ಮಾತಿಗೆ ಬರೋಣ, ನನಗೆ ಇದೇ ಹೆಚ್ಚು ನಂಬಿಕೆ.

2013ರಿಂದ 2024ರವರೆಗೆ ಅಂತಾರಾಷ್ಟ್ರೀಯ ಬ್ಲೂಗ್ರಾಸ್ ಸಂಘದ ವಾರ್ಷಿಕ ಹಬ್ಬ ನಮ್ಮ ರಾಜ್ಯದ ರಾಜಧಾನಿ ರಾಲಿಯಲ್ಲೇ ನಡೆಯುತ್ತಿತ್ತು. ಅಲ್ಲಿನ ಪ್ರದರ್ಶನದ ಹಾಲಿನಲ್ಲಿ ತಯಾರಕರ ಮಳಿಗೆಗಳು. ಒಂದೇ ಸೂರಿನಡಿ ಹತ್ತಾರು ಜನ ಹತ್ತಾರು ಬ್ಯಾಂಜೊ ಒಟ್ಟಿಗೆ ಬಾರಿಸುತ್ತಿದ್ದರೆ ತನ್ನ ಕೈಯಲ್ಲಿರುವುದರ ದನಿಯೇ ಯಾರಿಗೂ ಕೇಳಿಸುವುದಿಲ್ಲ. ಆದರೂ ಜನ ಅಲ್ಲೇ ನಿಂತು ತೀರ್ಮಾನ ಮಾಡುತ್ತಿದ್ದರು: "ಇದು ನನ್ನದು." ಹೇಗೆ? ನೆಕ್ ಹಿಡಿದು. ನೆಕ್ಕಿನ ಬೆನ್ನು ದುಂಡಗಿದೆಯೋ, ಮೊನಚಾಗಿದೆಯೋ. ಮೇಲ್ತುದಿಯಲ್ಲಿ ಅಗಲ ಒಂದೂಕಾಲು ಇಂಚೋ, ಒಂದಿಷ್ಟು ಜಾಸ್ತಿಯೋ. ಐದನೆಯ ತಂತಿಯ ಬಿರಡೆ ಇರುವ ಜಾಗದಲ್ಲಿ ಹೆಬ್ಬೆರಳು ತೊಡರುತ್ತದೋ ಇಲ್ಲವೋ. ಇದನ್ನು ಬೆರಳು ಕೆಲವೇ ಕ್ಷಣಗಳಲ್ಲಿ ಹೇಳಿಬಿಡುತ್ತದೆ. ಒಬ್ಬ ತಯಾರಕ ನೆಕ್ ಕೆತ್ತುವ ರೀತಿ ಅವನ ಕೈಬರಹದ ಹಾಗೆ, ಸುಲಭಕ್ಕೆ ಬದಲಾಗುವುದಿಲ್ಲ. ನೀವು ಅದರ ಮೇಲೆ ವರ್ಷಗಟ್ಟಲೆ ಸಾಧನೆ ಮಾಡಿದಿರಿ ಅಂದರೆ ನಿಮ್ಮ ಬೆರಳಿನ ದೂರಗಳೆಲ್ಲ ಆ ಅಳತೆಗೆ ಕೂತಿರುತ್ತವೆ. ಬೇರೆಯದನ್ನು ಹಿಡಿದ ಕೂಡಲೇ ಕತ್ತಲಲ್ಲಿ ಮೆಟ್ಟಿಲು ತಪ್ಪುತ್ತದೆ. ಆಗ ವಾದಕ ಏನನ್ನುತ್ತಾನೆ? "ಇದರ ದನಿ ಚೆನ್ನಾಗಿಲ್ಲ" ಅನ್ನುತ್ತಾನೆ. ಕೈಯ ದೂರನ್ನು ಕಿವಿಯ ಲೆಕ್ಕಕ್ಕೆ ಬರೆಯುವುದು ನಮ್ಮ ಹಳೆಯ ಚಾಳಿ.

ಅನುಭವದಿಂದ ಹುಟ್ಟಿದ ತಯಾರಿಕೆಗೆ ನನಗೆ ಇಷ್ಟವಾದ ಉದಾಹರಣೆ ಕೈಲ್ ಕ್ರೀಡ್ (1912–1982). ನಾರ್ತ್ ಕ್ಯಾರೊಲೈನಾ–ವರ್ಜೀನಿಯ ಗಡಿಯ ಸರ್ರಿ ಕೌಂಟಿ, ಗೇಲ್ಯಾಕ್ಸ್ ಕಡೆಯವರು. ಸ್ವತಃ ದೊಡ್ಡ ವಾದಕ. ಅಲ್ಲಿನ ಶೈಲಿಯಲ್ಲಿ ತಂತಿಯನ್ನು ಮೀಟುವುದಿಲ್ಲ, ಉಗುರಿನ ಬೆನ್ನಿನಿಂದ ಕೆಳಕ್ಕೆ ಹೊಡೆಯುತ್ತಾರೆ, ಕ್ಲಾಹ್ಯಾಮರ್ ಅನ್ನುತ್ತಾರೆ. ಅವರ ನೆರೆಯ ಫ್ರೆಡ್ ಕಾಕರ್‌ಹ್ಯಾಮ್ ಫ್ರೆಟ್ (ವೀಣೆಗಿರುವಂಥ ಮೆಟ್ಟು) ಇಲ್ಲದ ಬ್ಯಾಂಜೊದಲ್ಲಿ ಸ್ವರವನ್ನು ಜಾರಿಸಿ ಜಾರಿಸಿ ನುಡಿಸುವವರು. ಬೆರಳು ಜಾರಬೇಕಾದರೆ ನುಣುಪಾದ ಮೇಲ್ಮೈ ಬೇಕು. ಕ್ರೀಡ್ ಆ ಬ್ಯಾಂಜೊದ ಬೆರಳುಹಲಗೆಗೆ ಹಾಕಿದ್ದು ಫಾರ್ಮೈಕಾ! ಹೌದು, ಅಡುಗೆಮನೆ ಕಟ್ಟೆಗೆ ಹಾಕುವ ಅದೇ ಫಾರ್ಮೈಕಾ. ಅದನ್ನು ನೋಡಿ ನಗುವವರು ಆ ವಾದ್ಯದ ರೆಕಾರ್ಡಿಂಗ್ ಒಮ್ಮೆ ಕೇಳಲಿ. ಇವತ್ತು ಕ್ರೀಡ್ ಮಾಡಿದ ಬ್ಯಾಂಜೊಗಳನ್ನು ಜನ ಹುಡುಕಿಕೊಂಡು ಹೋಗುತ್ತಾರೆ. ಕುಸುರಿ ಕೆಲಸಕ್ಕಲ್ಲ. ನುಡಿಸುವವನ ತೊಂದರೆ ಏನೆಂದು ತಾನೇ ನುಡಿಸಿ ತಿಳಿದಿದ್ದ ಮನುಷ್ಯನ ಕೆಲಸ ಅದು, ಅದಕ್ಕೆ.

ಜನಪದ ಗಾಯಕ ಪೀಟ್ ಸೀಗರ್ ಕಥೆ ಇದರ ತಲೆಕೆಳಗು. ತಮ್ಮ ಕಂಠಕ್ಕೆ ಹೊಂದುವ ಕೆಳಗಿನ ಶ್ರುತಿ ಬೇಕೆಂದು ಅವರು ನೆಕ್ಕಿಗೆ ಮೂರು ಫ್ರೆಟ್ ಹೆಚ್ಚು ಉದ್ದ ಸೇರಿಸಿಕೊಂಡರು. ವೆಗಾ ಮುಂದೆ ಅದನ್ನೇ ಅವರ ಹೆಸರಿನ ಮಾದರಿಯಾಗಿ ಮಾಡಿ ಮಾರಿತು. ಇಲ್ಲಿ ವಾದಕನೇ ಅರ್ಧ ತಯಾರಕ.

ನಿಷ್ಠೆ ಹೆಸರಿನ ಮೇಲೋ ಮನುಷ್ಯನ ಮೇಲೋ ಅಂತ ಕೇಳಿದರೆ ತಯಾರಕ ಚಕ್ ಆಗ್ಸ್‌ಬರಿ ನೆನಪಾಗುತ್ತಾರೆ. ಕೊಲರಾಡೊದ ಬೌಲ್ಡರ್‌ನಲ್ಲಿ 1960ರಲ್ಲಿ ಅಲ್ಯೂಮಿನಿಯಂ ರಿಮ್ ಹಾಕಿ, ವಿದ್ಯಾರ್ಥಿಗಳ ಕೈಗೆಟಕುವ ಬೆಲೆಗೆ ಓಡ್ ಎಂಬ ಹೆಸರಲ್ಲಿ ಬ್ಯಾಂಜೊ ಮಾಡತೊಡಗಿದರು. 1966ರಲ್ಲಿ ಕಂಪನಿಯನ್ನು ಬಾಲ್ಡ್‌ವಿನ್ ಎಂಬ ಪಿಯಾನೊ ಕಂಪನಿಗೆ ಮಾರಿದರು. ಕೆಲವು ವರ್ಷ ಕಳೆದು ಓಮ್ ಎಂಬ ಹೊಸ ಹೆಸರಲ್ಲಿ ಮತ್ತೆ ಶುರು ಮಾಡಿದರು. ಹಳೆಯ ಹೆಸರು ಮಾರಿಹೋದರೂ ಅವರ ಕೆಲಸಕ್ಕೆ ಗಿರಾಕಿ ತಪ್ಪಲಿಲ್ಲ.

ಡೀರಿಂಗ್ ಅಭಿಮಾನ ಇನ್ನೊಂದು ಬಗೆಯದು. ಗ್ರೆಗ್ ಮತ್ತು ಜ್ಯಾನೆಟ್ ಡೀರಿಂಗ್ ದಂಪತಿ 1975ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೊ ಹತ್ತಿರ ಶುರು ಮಾಡಿದ ಕಂಪನಿ. ಅವರ ಗುಡ್‌ಟೈಮ್ ಮಾದರಿಯಲ್ಲಿ ಟೋನ್ ರಿಂಗೂ ಇಲ್ಲ, ಅಲಂಕಾರವೂ ಇಲ್ಲ. ತೂಕ ಸುಮಾರು 4 ಪೌಂಡ್. ಬ್ಲೂಗ್ರಾಸ್‌ನವರ ಪೂರ್ತಿ ಕಂಚಿನ ಬ್ಯಾಂಜೊ 11–12 ಪೌಂಡ್ ತೂಗುತ್ತದೆ, ನಿಂತು ಒಂದು ಗಂಟೆ ನುಡಿಸಿದರೆ ಭುಜ ಬಿದ್ದುಹೋಗುತ್ತದೆ. ಎಷ್ಟೋ ಜನರ ಮೊದಲ ಒಳ್ಳೆಯ ಬ್ಯಾಂಜೊ ಗುಡ್‌ಟೈಮ್. ಅಗ್ಗದ ವಾದ್ಯದಲ್ಲಿ ಶ್ರುತಿಯೇ ನಿಲ್ಲದೆ ಒದ್ದಾಡಿದವರಿಗೆ ಶ್ರುತಿ ನಿಲ್ಲುವ ವಾದ್ಯ ಸಿಕ್ಕಾಗ ಆಗುವ ಸಂತೋಷವನ್ನು ಮರೆಯಲಾಗುವುದಿಲ್ಲ. ನಿಮ್ಮ ಸಹೋದ್ಯೋಗಿಯ ಗೆಳೆಯರ ಹಟದ ಹಿಂದೆ ಇಂಥದ್ದೇನೋ ಇದ್ದೀತು.

ನನ್ನದು ಇದೇ ರಾಜ್ಯದ ಒಬ್ಬ ಸಣ್ಣ ತಯಾರಕರ ಕೆಲಸ. ಆರ್ಡರ್ ಕೊಟ್ಟಾಗ ಅವರು ದುಡ್ಡಿನ ಮಾತಿಗಿಂತ ಮೊದಲು ಕೇಳಿದ್ದು, ಉಗುರಲ್ಲಿ ಹೊಡೀತೀರಾ, ಬೆರಳಲ್ಲಿ ಮೀಟ್ತೀರಾ, ಬಲಗೈ ಕುದುರೆಯ ಹತ್ತಿರ ಇಡ್ತೀರಾ, ನೆಕ್ ಮೇಲೆ ತರ್ತೀರಾ ಅಂತ. ನೆಕ್ ಮೇಲೆ ಅಂದೆ. ಅದಕ್ಕೆ ಬೆರಳುಹಲಗೆಯ ಕೆಳತುದಿಯ ಫ್ರೆಟ್ಟುಗಳನ್ನು ತೆಗೆದು ಹೆಬ್ಬೆರಳಿಗೆ ಜಾಗ ಸಿಗುವಂತೆ ತಗ್ಗು ಕೆತ್ತಿಕೊಟ್ಟರು. ಚಳಿಗಾಲದಲ್ಲಿ ಹೀಟರ್ ಗಾಳಿಗೆ ಮರ ಒಣಗಿ ತಂತಿ ಫ್ರೆಟ್ಟಿಗೆ ತಾಗಿ ಝರ್ ಅನ್ನತೊಡಗಿದಾಗ ಫೋಟೊ ಕಳಿಸಿದೆ. ನೆಕ್ಕಿನ ಬಾಗು ಸರಿಮಾಡುವ ಒಳಗಿನ ರಾಡನ್ನು ಯಾವ ಕಡೆಗೆ, ಎಷ್ಟು ತಿರುಗಿಸಬೇಕು ಅಂತ ಅವರೇ ಫೋನಿನಲ್ಲಿ ಹೇಳಿಕೊಟ್ಟರು. ಈಗ ನನ್ನ ಮುಂದೆ ಯಾರಾದರೂ ಅವರ ಬ್ಯಾಂಜೊ ಸುಮಾರು ಅಂದರೆ ನಾನು ನಿಷ್ಪಕ್ಷಪಾತಿಯಾಗಿರುತ್ತೇನೆ ಅಂತ ನಿರೀಕ್ಷಿಸಬೇಡಿ.

ಚರಿತ್ರೆಯ ಕಾರಣಕ್ಕೂ ಅಂಟು ಬೆಳೆಯುತ್ತದೆ. ಬ್ಯಾಂಜೊದ ಮೂಲ ಆಫ್ರಿಕ. ಗುಲಾಮರಾಗಿ ಹಡಗು ಹತ್ತಿಸಲ್ಪಟ್ಟ ಜನ ಮನಸ್ಸಿನಲ್ಲಿ ಹೊತ್ತು ತಂದ, ಸೋರೆಬುರುಡೆಗೆ ಚರ್ಮ ಬಿಗಿದ ವಾದ್ಯಗಳ ಸಂತತಿ ಇದು. ಸೆನೆಗಾಂಬಿಯಾದ ಅಕೊಂಟಿಂಗ್ ಇವತ್ತಿಗೂ ಅದರ ಹತ್ತಿರದ ನೆಂಟ. 1840ರ ದಶಕದಲ್ಲಿ ಬಾಲ್ಟಿಮೋರ್‌ನ ವಿಲಿಯಂ ಬೌಚರ್‌ನಂಥವರು ಅದನ್ನು ಅಂಗಡಿಯ ಸರಕು ಮಾಡಿದರು. ಗಾಯಕಿ ರಿಯಾನನ್ ಗಿಡ್ಡೆನ್ಸ್ 1858ರ ಒಂದು ವಾದ್ಯದ ಪ್ರತಿರೂಪವನ್ನು, ಫ್ರೆಟ್ ಇಲ್ಲದ್ದನ್ನು, ನುಡಿಸುತ್ತಾರೆ. ಅದರ ಆಳವಾದ, ಮೆತ್ತನೆಯ ದನಿ ಕೇಳಿದ ಮೇಲೆ ಗಿಬ್ಸನ್ ದನಿಯೇ ಬ್ಯಾಂಜೊದ ದನಿ ಎನ್ನುವ ಮಾತು ನನಗಂತೂ ಹಿಡಿಸುವುದಿಲ್ಲ.

ಹೆಸರಿನ ಹುಚ್ಚು ಎಷ್ಟು ಪಾಲು ಅಂತೀರಾ? ಇದೆ. ಹಳೆಯ ಗಿಬ್ಸನ್ ಬೆಲೆ ಬಿದ್ದುಹೋಗುವುದಿಲ್ಲ ಎಂಬ ಧೈರ್ಯವೂ ಪ್ರೀತಿಯ ವೇಷ ಹಾಕಿ ಬರುತ್ತದೆ. ಕೊಳ್ಳುವವರು ಮೊದಲು ಫ್ಯಾಕ್ಟರಿಯ ಆರ್ಡರ್ ನಂಬರ್ ನೋಡುತ್ತಾರೆ, ನುಡಿಸಿ ನೋಡುವುದು ಆಮೇಲೆ. ಅದು ಸಂಗ್ರಹಕಾರರ ಲೋಕ, ಅದರ ಬಗ್ಗೆ ನನಗೆ ಹೆಚ್ಚು ಉತ್ಸಾಹವಿಲ್ಲ.

ನೀವೇ ಒಂದು ಕೊಳ್ಳುವ ಯೋಚನೆಯಲ್ಲಿದ್ದರೆ, ಇಬ್ಬರಲ್ಲಿ ಯಾರ ಮಾತನ್ನೂ ಪೂರ್ತಿ ಕೇಳಬೇಡಿ. ಯಾರ ನುಡಿಸಾಣಿಕೆ ನಿಮಗೆ ನಿದ್ದೆಗೆಡಿಸುತ್ತದೋ ಅವರ ಕೈಯಲ್ಲಿ ಎಂಥ ವಾದ್ಯವಿದೆ ನೋಡಿ: ಟೋನ್ ರಿಂಗ್ ಇದೆಯಾ, ಹಿಂದೆ ಮರದ ತಟ್ಟೆ ಮುಚ್ಚಿದೆಯಾ ಇಲ್ಲ ತೆರೆದಿದೆಯಾ. ಆ ಜಾತಿಯ ಎರಡು ಮೂರು ವಾದ್ಯಗಳನ್ನು ಕೂತು ಹಿಡಿಯಿರಿ, ನೆಕ್ ಎಡಗೈಗೆ ಒಗ್ಗುವುದನ್ನು ತೆಗೆದುಕೊಳ್ಳಿ. ದನಿಯನ್ನು ಕುದುರೆ, ಹೆಡ್ ಬದಲಿಸಿ ಬೇಕಾದ ಕಡೆಗೆ ತಿರುಗಿಸಿಕೊಳ್ಳಬಹುದು. ನೆಕ್ ಹಾಗೆ ತಿರುಗುವುದಿಲ್ಲ.

ಹಾಗೇ ನಿಮ್ಮ ಸಹೋದ್ಯೋಗಿಯನ್ನು ಒಂದು ಮಾತು ಕೇಳಿ ನೋಡಿ: "ನಿಮ್ಮ ಗಿಬ್ಸನ್ನಿನ ನೆಕ್ ಮೂಲದ್ದೋ, ಕನ್ವರ್ಶನ್ನೋ?" ಮಧ್ಯಾಹ್ನದ ಮೀಟಿಂಗ್ ಏನಾದರೂ ಇದ್ದರೆ ಮಾತ್ರ ಅವತ್ತು ಕೇಳಬೇಡಿ.